ಮೈದಾ ಹಿಟ್ಟಿನ ಗೆರೆ

ಮಳೆ ಬಿಟ್ಟ ಮರುದಿನ ನಮ್ಮ ಚೆಂಬೂರಿನ ಬಿಲ್ಡಿಂಗಿನ ಕೆಲಸದವನು ಕಾಂಪೌಂಡ್ ಗೋಡೆಯ ಬುಡಕ್ಕೆ ಸುಣ್ಣದ ಪುಡಿ ಚೆಲ್ಲುತ್ತಾನೆ, ಹುಳುಹುಪ್ಪಟೆ ಬರಬಾರದೆಂದು. ಒದ್ದೆ ನೆಲಕ್ಕೆ ಬಿದ್ದ ಸುಣ್ಣಕ್ಕೆ ಅದರದೇ ಒಂದು ವಾಸನೆ. ಮೂಗಿನೊಳಗೆ ಸಣ್ಣಗೆ ಉರಿಯುತ್ತದೆ, ಗಂಟಲು ಒಣಗುತ್ತದೆ. ಮೊನ್ನೆ ಬೆಳಿಗ್ಗೆ ಹಾಲು ತರಲೆಂದು ಕೆಳಗಿಳಿದವನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. "ಕ್ಯಾ ಹುವಾ ಅಂಕಲ್, ಚಕ್ಕರ್ ಆಯಾ?" ಎಂದು ವಾಚ್‌ಮನ್ ಓಡಿಬಂದ. ತಲೆ ಸುತ್ತೇನೂ ಬಂದಿರಲಿಲ್ಲ. ಬಂದದ್ದು ಸಿಟ್ಟು. ಅರವತ್ತು ವರ್ಷಕ್ಕೂ ಹಳೆಯದು...

ಸಿಟ್ಟು ಬರಲು ಇನ್ನೊಂದು ಕಾರಣವೂ ಇತ್ತು. ಹಿಂದಿನ ದಿನವಷ್ಟೇ ಮೊಮ್ಮಗಳು ಫೋನಿನಲ್ಲಿ ಯಾವುದೋ ದೇಶದ ಫುಟ್‌ಬಾಲ್ ಪಂದ್ಯ ತೋರಿಸಿದ್ದಳು. ಅವಳು ಕಾಲೇಜು ತಂಡದಲ್ಲಿ ಆಡುತ್ತಾಳೆ. ಗೋಲು ಆಯಿತೋ ಇಲ್ಲವೋ ಎಂದು ಗಲಾಟೆಯಾಯಿತು. ರೆಫ್ರಿ ಕಿವಿಯ ಮೇಲೆ ಕೈಯಿಟ್ಟುಕೊಂಡು ಆಟ ನಿಲ್ಲಿಸಿದ. ಒಳಗೆ ಎಲ್ಲೋ ಕೂತವರು ಟಿವಿಯಲ್ಲಿ ಗೆರೆ ಎಳೆದು, ಚೆಂಡನ್ನು ಹಿಂದೆ ಮುಂದೆ ಓಡಿಸಿ ನೋಡಿದರು. "ಅಜ್ಜಾ, ದೇಖೋ ನಾ, ಬಾಲ್ ಪೂರಾ ಒಳಗೆ ಇದೆ. ಅವನು ಚೆಕ್ ಮಾಡ್ತಾನೆ, ಅಭೀ ಗೋಲ್ ಕೊಡ್ತಾನೆ" ಎಂದಳು. ಕೊಟ್ಟೇಬಿಟ್ಟ. ನಾನು ಎದ್ದು ಬಾಲ್ಕನಿಗೆ ಹೋದೆ. ಹುಡುಗಿ ತನ್ನ ಫೋನಿನ ಮೇಲೆ ನನಗೆ ಕೋಪ ಎಂದುಕೊಂಡಳು.

ಐವತ್ತರ ದಶಕದಲ್ಲಿ ನಾನೂ ಅವ್ವನೂ ವಡಾಲದ ಒಂದು ಚಾಳಿನಲ್ಲಿದ್ದೆವು. ಬೆಳಗಾವಿ ಕಡೆಯಿಂದ ಬಂದವರು ನಾವು. ನನಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಪಕ್ಕದ ಖೋಲಿಯಲ್ಲಿ ಒಬ್ಬ ಮಾಸ್ತರರಿದ್ದರು. ಉಡುಪಿ ಕಡೆಯವರು, ಒಂಟಿ ಜೀವ, ನಡುವಯಸ್ಸು. ವಾರವಿಡೀ ಕನ್ನಡ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಮಳೆಗಾಲ ಬಂತೆಂದರೆ ಭಾನುವಾರ ಮಧ್ಯಾಹ್ನ ಕಪ್ಪು ಷರ್ಟು, ಮೊಣಕಾಲಿನ ತನಕ ಬರುವ ಅಗಲ ಚಡ್ಡಿ ತೊಟ್ಟು ಫುಟ್‌ಬಾಲ್ ಪಂದ್ಯಗಳಿಗೆ ರೆಫ್ರಿಯಾಗಿ ಹೊರಡುತ್ತಿದ್ದರು. ಆ ಚಡ್ಡಿಯೊಳಗೆ ಅವರ ಸಣಕಲು ಕಾಲುಗಳನ್ನು ನೋಡಿ ಚಾಳಿನ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಮಾಸ್ತರರಿಗೆ ಅದೇನೂ ಗೊತ್ತಾಗುತ್ತಿರಲಿಲ್ಲ, ಅಥವಾ ಗೊತ್ತಾಗದ ಹಾಗೆ ಇರುತ್ತಿದ್ದರು.

ಭಾನುವಾರದ ಊಟ ಅವರಿಗೆ ನಮ್ಮ ಮನೆಯಲ್ಲೇ. ಕುಚ್ಚಲಕ್ಕಿ ಉಂಡು ಬೆಳೆದ ಮನುಷ್ಯ ಅವ್ವನ ಜೋಳದ ರೊಟ್ಟಿಗೆ ಅದು ಹೇಗೆ ಒಗ್ಗಿಕೊಂಡರೋ... ಮೊದಮೊದಲು ಚಪಾತಿಯಂತೆ ಮಡಚಲು ಹೋಗಿ ಮುರಿದುಕೊಳ್ಳುತ್ತಿದ್ದರು. ಆಮೇಲೆ ಎಣ್ಣೆಗಾಯಿ ಬದನೆಕಾಯಿ ಇಲ್ಲದಿದ್ದರೆ "ಇವತ್ತು ಎಂತ ಅಕ್ಕ, ಸೋಮವಾರವಾ?" ಎಂದು ಕೇಳುವಷ್ಟು ಸಲಿಗೆ ಬಂತು.

ಆದರೆ ಅವರಿಗೊಂದು ನೇಮವಿತ್ತು. ನಾನಾಗಲಿ ಚಾಳಿನ ಬೇರೆ ಯಾರಾಗಲಿ ಆಡುವ ಪಂದ್ಯಕ್ಕೆ ಅವರು ರೆಫ್ರಿಯಾದರೆ, ಆ ದಿನ ನಮ್ಮ ಯಾರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಬಯಲಿನಲ್ಲಿಯೂ ಅಷ್ಟೇ. ತಂಡದವರು ಕೊಟ್ಟ ಚಹಾ, ನಿಂಬೆಹಣ್ಣಿನ ಹೋಳು ಯಾವುದೂ ಬೇಡ. ಒಂದು ಹಳೆಯ ಔಷಧದ ಬಾಟಲಿಯಲ್ಲಿ ತಮ್ಮ ಖೋಲಿಯ ನೀರು ತುಂಬಿಕೊಂಡು ಬರುತ್ತಿದ್ದರು. ಅವ್ವ ಮೊದಲು ಬೇಜಾರು ಮಾಡಿಕೊಂಡಳು. ಆಮೇಲೆ ಅವಳೇ ನಲ್ಲಿಯ ಹತ್ತಿರ ಹೆಂಗಸರಿಗೆ ದೊಡ್ಡದಾಗಿ ಹೇಳತೊಡಗಿದಳು: "ನಮ್ಮ ಮಾಸ್ತರ್ರು ಭಾಳ ಕಟ್ಟುನಿಟ್ಟು. ಮ್ಯಾಚ್ ಇದ್ದ ದಿನಾ ನಮ್ಮನಿ ಒಂದು ಹನಿ ನೀರ ಸೈತ ಕುಡಿಯಂಗಿಲ್ಲ." ಈ ನೇಮ ಇಡೀ ಚಾಳಿಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ನಾನು ಒಂದು ಬಟ್ಟೆ ಮಿಲ್ಲಿನಲ್ಲಿ ಬದಲಿಯಾಗಿದ್ದೆ. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನು ಬದಲಿ. ದಿನಾ ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುವ ಮೊದಲೇ ಗೇಟಿನ ಮುಂದೆ ಹಾಜರಿರಬೇಕು. ಜಾಬರ್, ಅಂದರೆ ಮೇಸ್ತ್ರಿ, ಬಂದು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವ ಹಾಗೆ ನಮ್ಮ ಮುಖ ನೋಡಿ, ಬೇಕಾದವರನ್ನು ಒಳಗೆ ಬಿಡುತ್ತಿದ್ದ. ಉಳಿದವರು ಬಂದ ದಾರಿ ಹಿಡಿಯಬೇಕು. ಮೂರು ವರ್ಷ ಹಾಗೆ ನಿಂತೆ. ಇವತ್ತು ಯಾರಿಗಾದರೂ ಜ್ವರ ಬರಲಿ ಎಂದು ಬಯಸುತ್ತಾ ಹಾಸಿಗೆಯಿಂದ ಏಳುವುದಿದೆಯಲ್ಲ, ಅದು ಮನುಷ್ಯನನ್ನು ಒಳಗಿನಿಂದಲೇ ಕೆಡಿಸುತ್ತದೆ.

ಮಿಲ್ಲಿನ ಫುಟ್‌ಬಾಲ್ ತಂಡದಲ್ಲಿ ಮಾತ್ರ ನಾನು ಕಾಯಂ. ಬೆಳಗಾವಿಯ ಕ್ಯಾಂಪಿನ ಬಯಲಿನಲ್ಲಿ ಬರಿಗಾಲಿನಲ್ಲಿ ಕಲಿತ ಆಟ. ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದೆ, ಬೂಟು ಹಾಕಿದರೆ ನನಗೆ ಚೆಂಡೇ ಸಿಗುತ್ತಿರಲಿಲ್ಲ. ಆ ವರ್ಷ ಮಿಲ್ಲು ಮತ್ತು ಕಾರ್ಖಾನೆಗಳ ಕಪ್ ಟೂರ್ನಿಯಲ್ಲಿ ನಾವು ಫೈನಲಿಗೆ ಬಂದೆವು. ನಮ್ಮ ಲೇಬರ್ ಆಫೀಸರ್‌ಗೆ ಫುಟ್‌ಬಾಲಿನ ಹುಚ್ಚು. ಇಡೀ ತಂಡದ ಎದುರಿಗೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಕಪ್ ಲೇಕೇ ಆವೋ, ತುಮ್ ಕಾಯಂ" ಎಂದ. ಕಪ್ ತಂದರೆ ನಾನು ಕಾಯಂ, ಇನ್ನು ಗೇಟಿನ ಮುಂದೆ ನಿಲ್ಲಬೇಕಿಲ್ಲ. ಅವ್ವ ಆ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿ ಕೇಳಿದಳು.

ಅದೇ ವಾರದ ಗುರುವಾರ ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದರು. "ನಿಮ್ಮ ಫೈನಲಿಗೆ ನನ್ನನ್ನೇ ಹಾಕಿದ್ದಾರೆ ಮಾರಾಯ. ಬೇಡ, ನನ್ನ ನೆರೆಮನೆಯವ ಆಡ್ತಾನೆ ಅಂತ ಬರೆದು ಕೊಟ್ಟೆ. ಈ ಮಳೆಗೆ ಬೇರೆ ಯಾರೂ ಬರುದಿಲ್ಲಂತೆ" ಎಂದರು. ನಾನು ಮೇಲೆ ಮೇಲೆ ಅಯ್ಯೋ ಎಂದೆ. ಒಳಗೊಳಗೆ ನನಗೆ ಹಾಲು ಕುಡಿದಷ್ಟು ಖುಷಿ. ನಮ್ಮ ಕನ್ನಡದವರು, ನಮ್ಮ ಚಾಳಿನವರು, ನಮ್ಮ ರೊಟ್ಟಿ ಉಂಡವರು...

ಇನ್ನು ಆ ಗೆರೆಯ ವಿಷಯ. ಚೀಟಿ ಎತ್ತಿದಾಗ ಯಾವ ತಂಡದ ಹೆಸರು ಮೊದಲು ಬರುತ್ತದೋ ಅವರೇ ಬಯಲಿಗೆ ಗೆರೆ ಎಳೆಯಬೇಕೆಂಬ ಪದ್ಧತಿ ಆ ಟೂರ್ನಿಯಲ್ಲಿತ್ತು. ನಮ್ಮ ಹೆಸರು ಮೊದಲು ಬಂದಿತ್ತು. ತಂಡದಲ್ಲಿ ಮಿಲ್ಲಿನ ಬದಲಿ ನಾನೊಬ್ಬನೇ ಆದ್ದರಿಂದ ಇಂಥ ಕೆಲಸಗಳೆಲ್ಲ ನನ್ನ ತಲೆಗೇ. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಸುಣ್ಣದ ಚೀಲಕ್ಕೆ ನೀರು ಇಳಿದು ಅರ್ಧಕ್ಕರ್ಧ ಕಲ್ಲಾಗಿದೆ. ಚೆನ್ನಾಗಿದ್ದ ಪುಡಿಯಲ್ಲಿ ಮೂರು ಬದಿ ಮುಗಿಸಿದೆ. ವಡಾಲ ಸ್ಟೇಷನ್ ಕಡೆಯ ಗೋಲಿನ ಗೆರೆ ಉಳಿಯಿತು. ಭಾನುವಾರ ಸುಣ್ಣದ ಅಂಗಡಿ ಬಂದ್. ಎದುರಿಗೆ ಒಂದು ಉಡುಪಿ ಹೋಟೆಲಿತ್ತು. ಅಲ್ಲಿಯ ಭಟ್ಟರು ನನ್ನ ಪೇಚಾಟ ನೋಡಿ ಒಳಗಿನಿಂದ ಒಂದು ಡಬ್ಬಿ ತಂದರು. "ಮೈದಾ ಹಿಟ್ಟು. ಹುಳ ಬಿದ್ದದ್ದು, ಬಿಸಾಡ್ಲಿಕ್ಕೆ ಇಟ್ಟದ್ದು. ತಗೊಂಡು ಹೋಗಿ. ನಿಮಗೆ ಬಿಳಿ ಕಂಡ್ರೆ ಆಯ್ತಲ್ಲ?" ಎಂದರು.

ಬಿಳಿ ಕಂಡಿತು. ಸುಣ್ಣಕ್ಕಿಂತಲೂ ಬಿಳಿಯಾಗಿ ಕಂಡಿತು. ಮಳೆ ಹೊಳವಾಗಿತ್ತು, ಎರಡು ದಿನದಿಂದ ಹನಿ ಬಿದ್ದಿರಲಿಲ್ಲ. ಇನ್ನು ನಾಲ್ಕು ತಾಸಿನ ಮಾತು ಎಂದುಕೊಂಡು ಹುಡಿ ಹಾಕಿ ಕೈ ಕೊಡವಿದೆ. ಪಂದ್ಯಕ್ಕೆ ಮುಂಚೆ ಮಾಸ್ತರರು ಬಯಲು ಸುತ್ತಿ ಬಂದು, "ಗೆರೆ ಲಾಯ್ಕಾಗಿ ಎಳೆದಿದ್ದೀರಿ" ಎಂದು ನಮ್ಮ ಕ್ಯಾಪ್ಟನ್‌ಗೆ ಹೇಳಿದರು. ನಾನು ಪಟ್ಟಿ ಬಿಗಿಯುವ ನೆಪದಲ್ಲಿ ಬಗ್ಗಿಕೊಂಡೆ.

ಎದುರಾಳಿ ಬಂದರಿನ ಕೆಲಸಗಾರರ ತಂಡ. ಎಲ್ಲರ ಕಾಲಲ್ಲೂ ಬೂಟು. ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ವಿರಾಮಕ್ಕೆ ಸ್ವಲ್ಪ ಮುಂಚೆ ನಮಗೆ ಒಂದು ಪೆನಾಲ್ಟಿ ಸಿಕ್ಕಿತು. ಚೆಂಡು ಅವರ ಆಟಗಾರನ ಕೈಗೆ ತಾಗಿತೆಂದು ಮಾಸ್ತರರು ಸೀಟಿ ಊದಿದರು. ನಿಜ ಹೇಳುತ್ತೇನೆ, ನಾನು ಎರಡು ಮಾರು ದೂರದಲ್ಲಿದ್ದೆ, ನನಗೆ ಅದು ಎದೆಗೆ ತಾಗಿದಂತೆ ಕಂಡಿತ್ತು. ಆದರೂ ಕೈ, ಕೈ ಎಂದು ಕೂಗಿದವರಲ್ಲಿ ನನ್ನ ದನಿಯೇ ಜೋರು. ಬಂದರಿನವರು ಎಷ್ಟು ಬೇಡಿಕೊಂಡರೂ ಮಾಸ್ತರರು ಜಗ್ಗಲಿಲ್ಲ. ಗೋಲಾಗಿ ಸಮ ಸಮ ಆಯಿತು. ರೆಫ್ರಿಯ ಕಣ್ಣು ಬಲು ಚುರುಕು ಎಂದು ಆಗ ಹೊಗಳಿದವರು ನಾವೇ. ಈ ಆಟದಲ್ಲಿ ರೆಫ್ರಿ ನಮ್ಮ ಕಡೆಗೆ ತಪ್ಪಿದರೆ ಅದು ನ್ಯಾಯ, ಆಚೆ ಕಡೆಗೆ ತಪ್ಪಿದರೆ ಮಾತ್ರ ಅನ್ಯಾಯ.

ದ್ವಿತೀಯಾರ್ಧಕ್ಕೆ ತುದಿ ಬದಲಾಯಿತು. ನಾವು ಸ್ಟೇಷನ್ ಕಡೆಗೆ ಹೊಡೆಯಬೇಕು. ಅದೇ ಹೊತ್ತಿಗೆ ಮಳೆಯೂ ಬಂತು, ಮುಂಬಯಿಯ ಮಳೆ, ಹೇಳದೆ ಕೇಳದೆ. ಹತ್ತು ನಿಮಿಷದಲ್ಲಿ ಬಯಲು ಕೆಸರಿನ ಗದ್ದೆಯಾಯಿತು. ಸುಣ್ಣದ ಗೆರೆಗಳು ಮಸುಕಾದರೂ ಕಾಣುತ್ತಿದ್ದವು. ಆ ಒಂದು ಗೆರೆ ಮಾತ್ರ ಅಂಟಾಗಿ, ಕೆಸರಿನ ಜೊತೆ ಕಲೆತು, ಎಲ್ಲರ ಕಾಲಿಗೆ ಮೆತ್ತಿಕೊಂಡು ಹೋಯಿತು. ನನ್ನ ಬೆರಳ ಸಂದಿಯಲ್ಲೂ ಮೆತ್ತಿತ್ತು, ನನಗೆ ಗೊತ್ತಾಗುತ್ತಲೇ ಇತ್ತು. ಆಟ ನಿಲ್ಲಿಸಿ ಹೇಳಬಹುದಿತ್ತು. ಹೇಳಲಿಲ್ಲ.

ಮುಗಿಯಲು ಐದಾರು ನಿಮಿಷವಿರಬೇಕು. ಎಡಗಡೆಯಿಂದ ಕಾರ್ನರ್ ಬಂತು. ಚೆಂಡು ಒದ್ದೆಯಾಗಿ ಕಲ್ಲಿನಷ್ಟು ಭಾರ. ನಾನು ಓಡಿಬಂದು ಹಾರಿ ಒದ್ದೆ. ಮೇಲಿನ ಕಂಬದ ಕೆಳಮೈಗೆ ಬಡಿದು, ಗೋಲಿನೊಳಗೆ ಒಂದು ಗೇಣು ಆಚೆ ಬಿದ್ದು, ಅಲ್ಲೇ ಕೆಸರಿನಲ್ಲಿ ಹೂತು ನಿಂತಿತು. ಒಂದು ಗೇಣು. ಇವತ್ತೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಅವರ ಗೋಲ್‌ಕೀಪರ್ ಅಂಗಾತ ಬಿದ್ದುಕೊಂಡೇ ಕೈ ಚಾಚಿ ಅದನ್ನು ಹೊರಗೆ ಎಳೆದ.

ನಾನು ಎರಡೂ ಕೈ ಎತ್ತಿ ಕುಣಿದೆ. ಸೀಟಿ ಕೇಳಿಸಲಿಲ್ಲ. ತಿರುಗಿ ನೋಡಿದರೆ ಮಾಸ್ತರರು ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೆಸರಿನಲ್ಲಿ ಓರೆಯಾಗಿ ಓಡಿಬರುತ್ತಾ, ಕೈ ಬೀಸಿ ಆಟ ಮುಂದುವರಿಸಿ ಎನ್ನುತ್ತಿದ್ದಾರೆ! ನಾವು ಹನ್ನೊಂದು ಜನರೂ ಅವರ ಕಡೆಗೆ ನುಗ್ಗಿದೆವು. ಸೀಟಿ ಊದುವ ತನಕ ಆಟ ಬಿಡಬೇಡಿ ಎಂದು ಅವರೇ ನಮಗೆ ಚಾಳಿನ ಮೆಟ್ಟಿಲ ಮೇಲೆ ಕೂತು ನೂರು ಸಲ ಹೇಳಿಕೊಟ್ಟಿದ್ದರು. ಆಗ ಯಾರಿಗೆ ನೆನಪು? ಬಂದರಿನವರು ಚೆಂಡನ್ನು ಉದ್ದಕ್ಕೆ ಒದ್ದರು, ಒಬ್ಬ ಹಿಂದೆ ಓಡಿದ, ತಡೆಯಲು ನಮ್ಮವರು ಒಬ್ಬರೂ ಇಲ್ಲ. ಗೋಲು. ಈ ಸಲ ಸೀಟಿ ಸ್ಪಷ್ಟವಾಗಿ ಕೇಳಿಸಿತು.

ಒಂದು ಗಂಟೆಗೂ ಮೇಲೆ ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದು ಓಡಿದ್ದು ಯಾತಕ್ಕೆ ಹೇಳಿ? ಒಬ್ಬ ಮನುಷ್ಯನ ಒಂದು ಕೈಬೀಸು, ಅಷ್ಟರಲ್ಲಿ ನಾವು ಗೆದ್ದವರಾಗುವುದು ಬಿಟ್ಟು ಸೋತವರಾದೆವು. ಅಪೀಲಿಲ್ಲ, ವಿಚಾರಣೆಯಿಲ್ಲ. ಕೋರ್ಟಿನಲ್ಲಿ ಕಳ್ಳನಿಗೂ ವಾಯಿದೆ ಸಿಗುತ್ತದೆ.

ನಮ್ಮವರು ಮಾಸ್ತರರನ್ನು ಗೋಲಿನ ಬಾಯಿಗೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋದರು. ಚೆಂಡು ಹೂತ ಗುಳಿ ಅಲ್ಲಿ ಇನ್ನೂ ಇತ್ತು. ಆದರೆ ಅದು ಗೆರೆಯ ಆಚೆಗೋ ಈಚೆಗೋ ಎಂದು ಹೇಳಲು ಗೆರೆಯೇ ಇರಲಿಲ್ಲ. ಕಂಬದಿಂದ ಕಂಬಕ್ಕೆ ನೋಡಿ ಎಂದು ನಾವು ಅರಚಿದೆವು. "ಈಗ ನೋಡಿ ಎಂತ ಮಾಡುದು? ಚೆಂಡು ಇದ್ದಾಗ ನಾನು ಅಲ್ಲಿದ್ದೆ" ಎಂದು ಅವರು ದೂರಕ್ಕೆ ಕೈ ತೋರಿಸಿದರು. ಆಮೇಲೆ ಬಗ್ಗಿದರು. ಗೆರೆ ಇರಬೇಕಾದ ಜಾಗದಲ್ಲಿ ಎರಡು ಬೆರಳು ಅದ್ದಿ, ಉಜ್ಜಿ, ಮೂಗಿನ ಹತ್ತಿರ ಹಿಡಿದು ಮೂಸಿದರು. ಹಸಿ ಹಿಟ್ಟಿನ ವಾಸನೆ. ತಲೆಯೆತ್ತಿ ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿದರು. ನಾನು ನನ್ನ ಕಾಲು ನೋಡಿಕೊಂಡೆ. "ನಡೀರಿ, ಆಟ ಶುರು ಮಾಡಿ" ಎಂದಷ್ಟೇ ಹೇಳಿದರು.

ಸೋತು ಮನೆಗೆ ಬಂದೆ. ದೀಪ ಹಚ್ಚುವ ಹೊತ್ತಿಗೆ ಮಾಸ್ತರರು ಬಂದು ಬಾಗಿಲ ಹೊರಗೇ ನಿಂತರು. ಕೊಡೆಯಿಂದ ನೀರು ಸೋರುತ್ತಿತ್ತು. ಅವ್ವ, "ಒಳಗ ಬರ್ರಿ ಮಾಸ್ತರ್ರ. ಮ್ಯಾಚ್ ಮುಗೀತಲ್ಲ, ಬಿಸಿ ರೊಟ್ಟಿ ಅದಾವ" ಎಂದಳು.

"ಬೇಡ ಅಕ್ಕ, ಇವತ್ತು ಬೇಡ" ಎಂದು ನನ್ನ ಕಡೆ ತಿರುಗಿದರು. "ಅದು ಗೋಲು ಇರಬಹುದು ಮಾರಾಯ. ನಂಗೂ ಹಾಗೇ ಅನ್ನಿಸ್ತದೆ. ಆದ್ರೆ ಅನ್ನಿಸಿದ್ದಕ್ಕೆಲ್ಲ ಸೀಟಿ ಊದ್ಲಿಕ್ಕೆ ಆಗುದಿಲ್ಲ. ಕಂಡದ್ದಕ್ಕೆ ಮಾತ್ರ ಊದುದು."

ನಾನು ಸಿಡಿದೆ. "ನನ್ನ ಅನ್ನ ಕಸಗೊಂಡ ಈಗ ಪಾಠ ಹೇಳಾಕ ಬಂದೀರೇನ್ರಿ? ಆ ಬಂದರಿನವರ ಚಾ ಕುಡಿದೀರಿ ನೀವು! ನಾ ಕಣ್ಣಾರೆ ನೋಡೇನಿ!"

ಬಾಯಿಗೆ ಬಂದ ಸುಳ್ಳು. ಅವರು ಕುಡಿದದ್ದು ಆ ಔಷಧದ ಬಾಟಲಿಯ ನೀರು ಮಾತ್ರ. ಗ್ಯಾಲರಿಯುದ್ದಕ್ಕೂ ಬಾಗಿಲುಗಳು ತೆರೆದವು, ಜನ ಹೊರಗೆ ಬಂದರು. ನಾನು ಇನ್ನೂ ಜೋರಾಗಿ, ಎಲ್ಲರಿಗೂ ಕೇಳುವಂತೆ, ಚಾ ಕುಡಿದರು, ಪಂದ್ಯಕ್ಕೆ ಮುಂಚೆಯೇ ಕುಡಿದರು ಎಂದು ಕೂಗಿದೆ. ಮಾಸ್ತರರು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗೆರೆಯನ್ನು ಹಿಟ್ಟಿನಲ್ಲಿ ಎಳೆದವನು ಇವನೇ ಎಂದಿದ್ದರೆ ಅಲ್ಲಿಗೆ ನನ್ನ ಬಾಯಿ ಮುಚ್ಚುತ್ತಿತ್ತು, ಮಿಲ್ಲಿನ ಗೇಟೂ ಮುಚ್ಚುತ್ತಿತ್ತು. ಅವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊಡೆ ಮಡಚಿ ತಮ್ಮ ಖೋಲಿಗೆ ಹೋದರು. ಪಂದ್ಯದ ರಿಪೋರ್ಟಿನಲ್ಲಿಯೂ ಗೆರೆಯ ಬಗ್ಗೆ ಅವರು ಏನೂ ಬರೆದಿರಲಿಲ್ಲವೆಂದು ಆಮೇಲೆ ನಮ್ಮ ಕ್ಯಾಪ್ಟನ್‌ನಿಂದ ತಿಳಿಯಿತು. ಬರೆದಿದ್ದರೆ ತಂಡ ಒಂದು ವರ್ಷ ಹೊರಗೆ, ಎಳೆದವನ ಹೆಸರೂ ಆಫೀಸಿಗೆ.

ಚಾಳು ನನ್ನ ಮಾತನ್ನೇ ನಂಬಿತು. ಸೋತವನ ಕಣ್ಣೀರಿಗೆ ಬೇಗ ಸಾಕ್ಷಿ ಸಿಗುತ್ತದೆ. ನಲ್ಲಿಯ ಹತ್ತಿರ ಮಾಸ್ತರರು ಕೊಡಪಾನ ಹಿಡಿದು ಬಂದರೆ ಮಾತು ನಿಲ್ಲತೊಡಗಿತು. ಯಾರೋ ಹುಡುಗರು ಹಿಂದಿನಿಂದ "ಚಾ, ಗರಂ ಚಾ" ಎಂದು ಕೂಗಿದ್ದೂ ಉಂಟು. ಭಾನುವಾರ ಅವ್ವ ಎಂದಿನಂತೆ ಒಂದು ತಾಟು ಹೆಚ್ಚಿಗೆ ಇಟ್ಟಳು. ಅವರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. "ಖರೇನ ಕುಡದ್ರೇನೋ ಯಪ್ಪಾ?" ಎಂದು ಅವ್ವ ಒಂದೇ ಸಲ ಕೇಳಿದಳು. ನಾನು ಹೂಂ ಎಂದೆ. ಅವಳು ಆ ತಾಟನ್ನು ಮೇಲಿನ ಫಳಿಯ ಮೇಲೆ ಎತ್ತಿಟ್ಟಳು. ದೀಪಾವಳಿಗೆ ಮುಂಚೆ ಮಾಸ್ತರರು ಗೋರೆಗಾಂವ್ ಕಡೆ ವರ್ಗ ಕೇಳಿಕೊಂಡು ಖೋಲಿ ಬಿಟ್ಟರು.

ನಾನು ಕಾಯಂ ಆಗಲಿಲ್ಲ. ಲೇಬರ್ ಆಫೀಸರ್ "ಅಗಲೇ ಸಾಲ್" ಎಂದ. ಅವನ ಮುಂದಿನ ವರ್ಷ ಬರುವಷ್ಟರಲ್ಲಿ ನಾನು ಮಿಲ್ಲು ಬಿಟ್ಟು ಚೆಂಬೂರಿನ ಒಂದು ಕಾರ್ಖಾನೆ ಸೇರಿದ್ದೆ. ಆ ಮಿಲ್ಲು ಕೊನೆಗೆ ಮುಚ್ಚಿತು, ಕಾಯಂ ಆದವರೂ ಬೀದಿಗೆ ಬಂದರು, ನೀವು ಬಚಾವಾದಿರಿ ಎಂದು ಮಗ ಹೇಳುತ್ತಾನೆ. ಈ ಸಮಾಧಾನ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚೆಂಡು ಒಂದು ಗೇಣು ಒಳಗಿತ್ತು. ಆಮೇಲೆ ಏನಾದರೂ ಆಗಲಿ, ಒಳಗಿದ್ದದ್ದು ಒಳಗಿತ್ತು ತಾನೆ?

ಎರಡು ಮಳೆಗಾಲ ಕಳೆದಿರಬೇಕು. ಒಂದು ಭಾನುವಾರ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಬರುತ್ತಿದ್ದೆ. ವಡಾಲ ಬರುವ ಮುಂಚೆ ಸಿಗ್ನಲ್‌ಗೆ ಗಾಡಿ ನಿಂತಿತು. ಕಿಟಕಿಯ ಆಚೆ ಅದೇ ಬಯಲು. ಜಿಟಿಜಿಟಿ ಮಳೆ, ಆಟಗಾರರು ಇನ್ನೂ ಬಂದಿರಲಿಲ್ಲ. ಗೋಲಿನ ಬಾಯಲ್ಲಿ ಕಪ್ಪು ಷರ್ಟಿನ ಒಬ್ಬ ಮನುಷ್ಯ ಕೊಡೆಯನ್ನು ಕುತ್ತಿಗೆಗೆ ಒತ್ತಿ ಹಿಡಿದು, ಬಾಲ್ದಿಯಿಂದ ಸುಣ್ಣ ತೆಗೆದು ತಾನೇ ಗೆರೆ ಎಳೆಯುತ್ತಿದ್ದ. ಆ ಸಣಕಲು ಕಾಲುಗಳ ಗುರುತು ಹಿಡಿಯಲು ನನಗೆ ಹೊತ್ತು ಬೇಕಾಗಲಿಲ್ಲ. ಮೂರು ಹೆಜ್ಜೆ ಎಳೆಯುತ್ತಿದ್ದರು. ಬಗ್ಗಿ ಎರಡು ಬೆರಳಿಂದ ಮುಟ್ಟುತ್ತಿದ್ದರು. ಮೂಸಿ ನೋಡುತ್ತಿದ್ದರು. ಮತ್ತೆ ಮೂರು ಹೆಜ್ಜೆ... ಗೆರೆ ಎಳೆಯುವುದು ತಂಡದವರ ಕೆಲಸ, ರೆಫ್ರಿಯದಲ್ಲ. ಆವತ್ತು ನನ್ನ ಗೆರೆಯನ್ನು ಮುಟ್ಟಿ ನೋಡದೆ ಲಾಯ್ಕಾಗಿದೆ ಎಂದದ್ದಕ್ಕೆ ಅವರು ತಮಗೆ ತಾವೇ ಹಾಕಿಕೊಂಡ ಶಿಕ್ಷೆ ಅದು ಎಂದು ನನಗೆ ಹೊಳೆಯಿತು.

ಗಾಡಿ ಬಹಳ ಹೊತ್ತು ನಿಂತಿತ್ತು. ಕಿಟಕಿಯಿಂದ ಕೂಗಿದ್ದರೆ ಕೇಳಿಸುತ್ತಿತ್ತು. ವಡಾಲದಲ್ಲಿ ಇಳಿದು ಹತ್ತು ನಿಮಿಷ ಹಿಂದಕ್ಕೆ ನಡೆದಿದ್ದರೆ ಸಾಕಿತ್ತು. ಇಳಿಯಲಿಲ್ಲ. ಏನೆಂದು ಹೇಳಲಿ, ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕೂತೇ ಇದ್ದೆ. ಮುಂದಿನ ವರ್ಷ ಆ ಹೋಟೆಲಿನ ಭಟ್ಟರು ಸಿಕ್ಕಾಗ, ಮಾಸ್ತರರು ತೀರಿಕೊಂಡರು ಎಂಬ ಸುದ್ದಿ ಹೇಳಿದರು. ಅವ್ವನಿಗೆ ನಾನು ನಿಜ ಹೇಳಲಿಲ್ಲ. ಅವಳೂ ಹೋದಳು.

ಅರವತ್ತು ವರ್ಷ ಒಬ್ಬ ರೆಫ್ರಿಯನ್ನು ಬೈಯುತ್ತಾ ಬದುಕಿದ್ದೇನೆ. ಕ್ಯಾಮರಾ ಬಂತು, ಕಂಪ್ಯೂಟರ್ ಗೆರೆ ಬಂತು. ಇವೆಲ್ಲ ಆಗ ಇದ್ದಿದ್ದರೆ ನನಗೆ ಗೋಲು ಸಿಗುತ್ತಿತ್ತು. ಹಿಟ್ಟು ಹಾಕಿದವನು ಯಾರೆಂಬುದೂ ಸಿಗುತ್ತಿತ್ತು. ಚಹಾದ ಸುಳ್ಳನ್ನು ಮಾತ್ರ ಯಾವ ಕ್ಯಾಮರಾ ತಿದ್ದುತ್ತದೆ? ಅದನ್ನು ತಿದ್ದಬೇಕಾದವನು ನಾನೊಬ್ಬನೇ ಇದ್ದೆ.

ಮೊನ್ನೆ ಬೆಳಿಗ್ಗೆ ವಾಚ್‌ಮನ್ ನನ್ನ ತೋಳು ಹಿಡಿದುಕೊಂಡೇ ಇದ್ದ. ನಾನು ಬಿಡಿಸಿಕೊಂಡು, ಗೋಡೆ ಹಿಡಿದು, ಈ ಮೊಣಕಾಲು ಒಪ್ಪಿದಷ್ಟು ಬಗ್ಗಿದೆ. ನೆಲದ ಮೇಲಿನ ಬಿಳಿಯನ್ನು ಎರಡು ಬೆರಳಿಂದ ಮುಟ್ಟಿ ಮೂಸಿ ನೋಡಿದೆ. ಸುಣ್ಣವೇ. ಮಾಸ್ತರ್ರ, ಇದು ಖರೇ ಸುಣ್ಣ ಐತ್ರಿ ಎಂದು ಹೇಳಬೇಕೆನಿಸಿತು. ಹಾಲು ತೆಗೆದುಕೊಂಡು ಮೇಲೆ ಬಂದೆ.